ಜೀಪು: ಒಡೆಯನೇ ಕಮ್ಮಾರನಾದ ಚರಿತ್ರೆ

ಕಾಸರಗೋಡು ಸೀಮೆಯ ಮೂಡಣ ಭಾಗದಲ್ಲಿ, ಘಟ್ಟದ ತಪ್ಪಲಿನ ಏರುತಗ್ಗುಗಳ ನಡುವೆ ಬಾಳುವ ನಮ್ಮ ಜನರಿಗೆ ಜೀಪು ಎಂಬುದು ಕೇವಲ ಒಂದು ವಾಹನವಲ್ಲ. ಬಸ್ಸು ನಿಲ್ಲುವ ಕಡೆಯಿಂದ ಮನೆಯಂಗಳದವರೆಗೆ ಅಡಿಕೆಯ ಗೋಣಿಯನ್ನೂ, ಗೊಬ್ಬರದ ಮೂಟೆಯನ್ನೂ, ಮದುವೆಯ ದಿಬ್ಬಣವನ್ನೂ, ನಡುರಾತ್ರಿಯಲ್ಲಿ ಹೆರಿಗೆಯ ನೋವಿನ ಹೆಂಗಸನ್ನೂ ಹೊತ್ತು ಸಾಗಿಸಿದ ಆಪ್ತಬಂಧುವದು. ಅದರ ಚರಿತ್ರೆಯನ್ನು ಭಾಷೋಪಾಧ್ಯಾಯನೊಬ್ಬನು ಬರೆಯಹೊರಟುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಚರಿತ್ರೆಯ ಒಡಲಿನಲ್ಲಿ ಭಾಷೆಯ ಪ್ರಶ್ನೆಯೊಂದು ಅಡಗಿದೆ. ವಾಚಕರು ಕೊನೆಯವರೆಗೆ ತಾಳ್ಮೆಯಿಂದ ಓದಿದರೆ ಅದು ತಾನಾಗಿಯೇ ಗೋಚರವಾದೀತು.

1940ನೆಯ ಇಸವಿ ಜೂನ್ ತಿಂಗಳಿನಲ್ಲಿ ಫ್ರಾನ್ಸ್ ದೇಶವು ಜರ್ಮನಿಯ ಸೇನೆಗೆ ಶರಣಾಯಿತು. ಶೀಘ್ರಗಾಮಿಯಾದ ಯಂತ್ರವಾಹನಗಳ ಬಲವನ್ನು ಲೋಕವೆಲ್ಲ ಕಣ್ಣಾರೆ ಕಂಡಿತು. ಆಗ ಅಮೆರಿಕಾ ಸಂಯುಕ್ತ ಸಂಸ್ಥಾನದ ಸೇನೆಯು ಕುದುರೆಗೂ ಮೋಟಾರು ಬೈಸಿಕಲ್ಲಿಗೂ ಬದಲಾಗಿ ಒಂದು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವು ತಲಪುವಂತಹ ಗಾಡಿಯನ್ನು ಬಯಸಿತು. ಜುಲೈ ತಿಂಗಳಿನಲ್ಲಿ 135 ಕಂಪೆನಿಗಳಿಗೆ ಆಹ್ವಾನವು ಹೋಯಿತು. ಗಾಡಿಯ ತೂಕವು 1300 ಪೌಂಡುಗಳನ್ನು ಮೀರಬಾರದು, ಮಾದರಿಯು 49 ದಿನಗಳೊಳಗೆ ಸಿದ್ಧವಾಗಬೇಕು ಎಂಬ ನಿಬಂಧನೆಗಳನ್ನು ಕಂಡು ದೊಡ್ಡ ಕಂಪೆನಿಗಳು ಹಿಂಜರಿದವು. ಪೆನ್ಸಿಲ್ವೇನಿಯಾ ಪ್ರಾಂತದ ಬಟ್ಲರ್ ಪಟ್ಟಣದಲ್ಲಿ ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿಯು ಮಾತ್ರ ಆ ಅವಧಿಗೆ ಒಪ್ಪಿತು. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆಗಳನ್ನು ಬರೆದು ಮುಗಿಸಿದನು. 1940ರ ಸೆಪ್ಟೆಂಬರ್ 23ರಂದು, ಗಡುವು ಮುಗಿಯುವ ದಿನವೇ, ಮೊದಲ ಮಾದರಿಯು ಮೇರಿಲ್ಯಾಂಡಿನ ಹೋಲಾಬರ್ಡ್ ಶಿಬಿರವನ್ನು ಸೇರಿತು.

ಆದರೆ ಚರಿತ್ರೆಯು ಯಾವಾಗಲೂ ನ್ಯಾಯವಂತವಾಗಿರುವುದಿಲ್ಲ. ಬ್ಯಾಂಟಮ್ ಕಂಪೆನಿಗೆ ದೊಡ್ಡ ಪ್ರಮಾಣದ ತಯಾರಿಕೆಯ ಶಕ್ತಿಯಿಲ್ಲವೆಂದು ಸೇನೆಯು ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳಿಗೂ ತೋರಿಸಿತು. 1300 ಪೌಂಡುಗಳ ಮಿತಿಯನ್ನು ಯಾರೂ ಮುಟ್ಟಲಾಗಲಿಲ್ಲವಾದುದರಿಂದ ಅದನ್ನು ಕೊನೆಗೆ 2160 ಪೌಂಡುಗಳಿಗೆ ಏರಿಸಲಾಯಿತು. ಅರುವತ್ತು ಅಶ್ವಶಕ್ತಿಯ ವಿಲ್ಲಿಸ್ ಎಂಜಿನು ಉಳಿದೆರಡಕ್ಕಿಂತ ಬಲವುಳ್ಳದ್ದಾಗಿತ್ತು. 1941ರಲ್ಲಿ ವಿಲ್ಲಿಸ್ ಕಂಪೆನಿಗೆ 16,000 ಗಾಡಿಗಳ ಬೇಡಿಕೆಯು ದೊರೆಯಿತು. ಅದೇ ವರ್ಷ ಫೋರ್ಡ್ ಕಂಪೆನಿಯೂ ವಿಲ್ಲಿಸ್ ನಕ್ಷೆಯಂತೆಯೇ ಗಾಡಿಗಳನ್ನು ಕಟ್ಟಲು ಒಪ್ಪಿತು. ಯುದ್ಧವು ಮುಗಿಯುವ ಹೊತ್ತಿಗೆ ಇವೆರಡು ಕಂಪೆನಿಗಳು ಸೇರಿ ಆರು ಲಕ್ಷಕ್ಕೂ ಮಿಗಿಲಾದ ಜೀಪುಗಳನ್ನು ತಯಾರಿಸಿದ್ದವು. ದಾರಿ ತೋರಿದ ಬ್ಯಾಂಟಮ್ ಕಂಪೆನಿಯ ಪಾಲಿಗೆ ಬಂದುದು ಮೂರು ಸಾವಿರಕ್ಕೂ ಕಡಿಮೆ ಗಾಡಿಗಳು ಮತ್ತು ಜೀಪಿನ ಹಿಂದೆ ಕಟ್ಟುವ ಟ್ರೈಲರುಗಳ ಕೆಲಸ ಮಾತ್ರ.

'ಜೀಪು' ಎಂಬ ಹೆಸರಿನ ನಿಷ್ಪತ್ತಿಯಲ್ಲಿಯೂ ವಾದವಿದೆ. ಫೋರ್ಡ್ ಕಂಪೆನಿಯ 'ಜಿ. ಪಿ.' ಎಂಬ ಗುರುತಿನಿಂದ ಬಂದಿತೆಂದು ಕೆಲವರು. 1936ರಲ್ಲಿ ಪೊಪಾಯ್ ಚಿತ್ರಕಥೆಯಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ಹೋಗಬಲ್ಲ 'ಜೀಪ್' ಎಂಬ ಮಾಯಾಪ್ರಾಣಿಯಿಂದ ಬಂದಿತೆಂದು ಮತ್ತೆ ಕೆಲವರು. ಮೂಲವು ಯಾವುದೇ ಇರಲಿ, ಹೆಸರನ್ನಿಟ್ಟು ನೆಲೆಗೊಳಿಸಿದವರು ಸೈನಿಕರು ಎಂಬುದರಲ್ಲಿ ಸಂದೇಹವಿಲ್ಲ. ಕನ್ನಡವಾದರೋ ಅದಕ್ಕೊಂದು ಉಕಾರವನ್ನು ಹಚ್ಚಿ ತನ್ನ ಮನೆಯ ಮಗುವನ್ನಾಗಿ ಮಾಡಿಕೊಂಡಿತು.

ಈ ಗಾಡಿಯ ನಿಜವಾದ ಹಿರಿಮೆಯು ಅದರ ಬಲದಲ್ಲಿಲ್ಲ. ಬಿಚ್ಚಿ ಮತ್ತೆ ಕೂಡಿಸಬಲ್ಲ ಅದರ ಸರಳತೆಯಲ್ಲಿದೆ. ಏಣಿಯಂತಹ ಉಕ್ಕಿನ ಚೌಕಟ್ಟು, ಎರಡು ಗಟ್ಟಿ ಅಚ್ಚುಗಳು, ನಾಲ್ಕು ಪಟ್ಟಿಯ ಸ್ಪ್ರಿಂಗುಗಳು, ನಾಲ್ಕು ಸಿಲಿಂಡರಿನ ಎಂಜಿನು. ಕಣ್ಣಿಗೆ ಕಾಣದಂತಹ ಭಾಗವೇ ವಿರಳ. ಫೋರ್ಡ್ ಕಂಪೆನಿಯು ಅಭಿಮಾನದಿಂದ ತಾನು ಮಾಡಿದ ಬೋಲ್ಟುಗಳ ತಲೆಯ ಮೇಲೆ ತನ್ನ ಹೆಸರಿನ ಮೊದಲಕ್ಷರವನ್ನು ಒತ್ತುತ್ತಿತ್ತು. ಆದರೂ ಫೋರ್ಡಿನ ಭಾಗವು ವಿಲ್ಲಿಸಿಗೂ, ವಿಲ್ಲಿಸಿನ ಭಾಗವು ಫೋರ್ಡಿಗೂ ಹೊಂದುತ್ತಿತ್ತು. ಆದುದರಿಂದ ರಣರಂಗದಲ್ಲಿ ಕೆಟ್ಟುನಿಂತ ಎರಡು ಜೀಪುಗಳಿಂದ ಓಡುವ ಒಂದನ್ನು ಕಟ್ಟುವುದು ಸಾಧ್ಯವಾಯಿತು.

ಸೇನೆಯವರು ಬೇಗನೆ ಇನ್ನೊಂದು ಸತ್ಯವನ್ನು ಅರಿತರು. ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಉಪೇಕ್ಷೆಯೇ ವಾಹನಗಳನ್ನು ಕೊಲ್ಲುತ್ತದೆ. ಆದುದರಿಂದ ದುರಸ್ತಿಯ ಕೆಲಸವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿ, ಮೊದಲ ಮೆಟ್ಟಿಲನ್ನು ಗಾಡಿಯ ಚಾಲಕನಿಗೇ ಒಪ್ಪಿಸಿದರು. 1944ರಲ್ಲಿ ಪ್ರಕಟವಾದ ಜೀಪಿನ ಸೈನಿಕ ಕೈಪಿಡಿಯಲ್ಲಿ ಹೊರಡುವ ಮುನ್ನ, ಓಡುವಾಗ, ನಿಂತಾಗ, ಹಿಂದಿರುಗಿದ ಮೇಲೆ ಮತ್ತು ವಾರಕ್ಕೊಮ್ಮೆ ಚಾಲಕನು ಏನೇನನ್ನು ನೋಡಬೇಕೆಂಬುದನ್ನು ಕ್ರಮವಾಗಿ ಹೇಳಿದೆ. ಎಣ್ಣೆಯ ಮಟ್ಟ, ನೀರು, ಟೈರಿನ ಗಾಳಿ, ಸಡಿಲವಾದ ನಟ್ಟುಗಳು, ಗ್ರೀಸು ಒಣಗಿದ ಕೀಲುಗಳು ಇವೆಲ್ಲ ಅವನ ಹೊಣೆ. ನಮ್ಮ ಹಿರಿಯರು ಬಂಡಿ ಕಟ್ಟುವ ಮುಂಚೆ ಕೀಲೆಣ್ಣೆ ಹಾಕಿ, ಕಡೆಗೀಲನ್ನು ತಟ್ಟಿನೋಡುತ್ತಿದ್ದ ಶಿಸ್ತೇ ಇದು. ಹೆಸರು ಹೊಸದು, ವಿವೇಕವು ಹಳೆಯದು.

ಆದರೆ ದಪ್ಪ ಕೈಪಿಡಿಯನ್ನು ಓದುವ ಸೈನಿಕರೆಷ್ಟು ಮಂದಿ? ಇಲ್ಲಿಯೇ ಭಾಷೆಯ ಮಾತು ಬರುತ್ತದೆ. ಅಮೆರಿಕಾ ಸೇನೆಯ 'ಆರ್ಮಿ ಮೋಟಾರ್ಸ್' ಎಂಬ ಪತ್ರಿಕೆಯಲ್ಲಿ ವಿಲ್ ಐಸ್ನರ್ ಎಂಬ ಚಿತ್ರಕಾರನು ಜೋ ಡೋಪ್ ಎಂಬ ಮಂಕು ಸೈನಿಕನನ್ನು ಸೃಷ್ಟಿಸಿದನು. ಯಂತ್ರದ ಆರೈಕೆಯನ್ನು ಮರೆತು ಪ್ರತಿಸಲವೂ ಪೇಚಿಗೆ ಸಿಕ್ಕುವ ಅವನನ್ನು ಕಂಡು ಸೈನಿಕರು ನಕ್ಕರು, ನಗುತ್ತ ಕಲಿತರು. 1951ರ ಜೂನಿನಲ್ಲಿ, ಕೊರಿಯಾ ಯುದ್ಧದ ಕಾಲದಲ್ಲಿ, 'ಪಿ. ಎಸ್.' ಎಂಬ ಮಾಸಪತ್ರಿಕೆಯು ಹೊರಟಿತು. ಕೈಪಿಡಿಗಳಿಗೆ ಬರೆದ ಅಡಿಟಿಪ್ಪಣಿ ಎಂಬುದೇ ಆ ಹೆಸರಿನ ಅರ್ಥ. ಐಸ್ನರನು 1971ರವರೆಗೆ ಅದರ ಚಿತ್ರಗಳ ಹೊಣೆಯನ್ನು ಹೊತ್ತನು. ಪಂಡಿತರ ಪರಿಭಾಷೆಯನ್ನು ಬಿಟ್ಟು ಸೈನಿಕನ ಬಾಯಿಮಾತಿನಲ್ಲಿ ಹೇಳಿದಾಗ ಮಾತ್ರ ಜ್ಞಾನವು ಕೈಗೆ ಇಳಿಯಿತು.

ಯುದ್ಧವು ಮುಗಿದಮೇಲೆ ಜೀಪು ರೈತನ ಹೊಲಕ್ಕೆ ಬಂದಿತು. 1945ರಲ್ಲಿ ವಿಲ್ಲಿಸ್ ಕಂಪೆನಿಯು ನಾಗರಿಕರಿಗಾಗಿ ಹೊರತಂದ ಸಿ. ಜೆ.-2ಎ ಜೀಪಿಗೆ, ಎಂಜಿನಿನ ಬಲದಿಂದಲೇ ಬೇರೆ ಯಂತ್ರಗಳನ್ನು ತಿರುಗಿಸುವ ಉಪಕರಣವನ್ನು ಅಳವಡಿಸಬಹುದಾಗಿತ್ತು. ಮಾರಾಟಕ್ಕೆ ಬಂದ ಸೈನಿಕ ಜೀಪುಗಳನ್ನು ಕೊಂಡವರು ತಂತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದತೊಡಗಿದರು. ಸಾಮಾನ್ಯ ರಸ್ತೆಯಲ್ಲಿ ಓಡುವಾಗ ಮುಂದಿನ ಅಚ್ಚು ವೃಥಾ ತಿರುಗಿ ಸವೆಯುವುದನ್ನು ಕಂಡು, ಸಿಯಾಟಲ್ ನಗರದ ಆರ್ಥರ್ ವಾರ್ನ್ ಎಂಬಾತನು 1948ರಲ್ಲಿ ಚಕ್ರದ ಗುಂಬವನ್ನು ಅಚ್ಚಿನಿಂದ ಬೇರ್ಪಡಿಸಬಲ್ಲ ಬೀಗದಂತಹ ಉಪಕರಣವನ್ನು ತಯಾರಿಸಿ ಮಾರತೊಡಗಿದನು. ಅದೇ ವರ್ಷ ಇಂಗ್ಲೆಂಡಿನ ರೋವರ್ ಕಂಪೆನಿಯ ಮಾರಿಸ್ ವಿಲ್ಕ್ಸ್ ಎಂಬ ಎಂಜಿನಿಯರನ ಲ್ಯಾಂಡ್ ರೋವರ್ ಗಾಡಿಯು ಲೋಕಕ್ಕೆ ಪ್ರಕಟವಾಯಿತು. ವೇಲ್ಸಿನ ಆಂಗಲ್ಸಿ ದ್ವೀಪದ ತನ್ನ ಜಮೀನಿನಲ್ಲಿ ಹಳೆಯ ಜೀಪನ್ನು ಬಳಸಿ ಅದರ ಗುಣದೋಷಗಳನ್ನು ಅರಿತುದೇ ಅದಕ್ಕೆ ಮೂಲ. ಮೊದಲ ಮಾದರಿಯನ್ನು ಜೀಪಿನ ಚೌಕಟ್ಟಿನ ಮೇಲೆಯೇ ಕಟ್ಟಲಾಗಿತ್ತು. ಫಿಲಿಪೀನ್ಸ್ ದೇಶದಲ್ಲಂತೂ ಯುದ್ಧದಿಂದ ಹಾಳಾದ ಮನಿಲಾ ನಗರದ ಜನರು ಉಳಿದ ಜೀಪುಗಳ ಬೆನ್ನನ್ನು ಉದ್ದಮಾಡಿ, ಮಾಡು ಹೊದಿಸಿ, ಬಣ್ಣಬಣ್ಣದ ಚಿತ್ತಾರ ಬರೆದು 'ಜೀಪ್ನಿ' ಎಂಬ ಸಾರ್ವಜನಿಕ ವಾಹನವನ್ನೇ ಸೃಷ್ಟಿಸಿದರು. 1953ರಲ್ಲಿ ಆರಂಭವಾದ ಅಲ್ಲಿಯ ಸರಾವೊ ಕಾರ್ಖಾನೆಯ ಸ್ಥಾಪಕನು ಹಿಂದೆ ಕುದುರೆಗಾಡಿ ಹೊಡೆಯುತ್ತಿದ್ದವನು.

ಭಾರತದಲ್ಲಿ 1945ರಲ್ಲಿ ಹುಟ್ಟಿದ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಕಂಪೆನಿಯಿಂದ ಬಿಡಿಭಾಗಗಳಾಗಿ ಬಂದ ಜೀಪುಗಳನ್ನು ಮುಂಬಯಿಯ ಮಜಗಾಂವಿನಲ್ಲಿ ಜೋಡಿಸತೊಡಗಿತು. ಮೊದಲ ತಂಡದಲ್ಲಿ 75 ಗಾಡಿಗಳಿದ್ದುವು. ನಮ್ಮ ದೇಶದಲ್ಲಿ ಜೀಪಿನ ಬದುಕು ಬಿಡಿಭಾಗಗಳ ಜೋಡಣೆಯಿಂದಲೇ ಆರಂಭವಾಯಿತೆಂಬುದು ಗಮನಿಸತಕ್ಕದ್ದು. 1973ರ ತೈಲದ ಬಿಕ್ಕಟ್ಟಿನ ತರುವಾಯ ಪೆಟ್ರೋಲು ದುಬಾರಿಯಾದಾಗ, ಜೀಪಿನ ಪೆಟ್ರೋಲ್ ಎಂಜಿನನ್ನು ಕಿತ್ತು ಡೀಸೆಲ್ ಎಂಜಿನನ್ನು ಕೂಡಿಸುವ ಕೆಲಸವು ರಸ್ತೆಬದಿಯ ಗ್ಯಾರೇಜುಗಳಲ್ಲಿ ನಡೆಯಿತು. ತಯಾರಕರೂ ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನೂ, ಮುಂದೆ ಫ್ರೆಂಚ್ ಕಂಪೆನಿಯಾದ ಪ್ಯೂಜೊವಿನ ನಕ್ಷೆಯ ಎಂಜಿನನ್ನೂ ಜೀಪಿಗೆ ಹೊಂದಿಸಿದರು. 2010ರಲ್ಲಿ ಬಂದ 'ಥಾರ್' ಈ ವಂಶದ ಕುಡಿಯೇ ಸರಿ.

ಇನ್ನು, ಸ್ವಂತ ಕೈಯಿಂದ ಜೀಪನ್ನು ನೋಡಿಕೊಳ್ಳುವವರು ಅರಿಯತಕ್ಕ ಕೆಲವು ತತ್ತ್ವಗಳಿವೆ. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರದ ಗೇರನ್ನು ಹಾಕಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಸಮವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಾದರೋ ಮುಂದಿನ ಚಕ್ರಗಳು ಹೆಚ್ಚು ದೂರವನ್ನು ಕ್ರಮಿಸುತ್ತವೆ. ಕೆಸರಿನಲ್ಲಿ ಚಕ್ರವು ತುಸು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಒಣಗಿದ ಡಾಮರು ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಆ ಬಿಗಿತವೆಲ್ಲ ಗೇರುಗಳ ಮೇಲೂ ಕೀಲುಗಳ ಮೇಲೂ ಬೀಳುತ್ತದೆ. ಆದುದರಿಂದ ಗಟ್ಟಿ ರಸ್ತೆಗೆ ಬಂದೊಡನೆ ಆ ಗೇರನ್ನು ಬಿಡಿಸಬೇಕು.

ಮಳೆಗಾಲದಲ್ಲಿ ತೋಡು ದಾಟುವವರಿಗೆ ಇನ್ನೊಂದು ಎಚ್ಚರಿಕೆ. ಓಡಿ ಬಿಸಿಯಾದ ಅಚ್ಚಿನ ಪೆಟ್ಟಿಗೆಯು ತಣ್ಣೀರಿಗಿಳಿದಾಗ ಒಳಗಿನ ಗಾಳಿಯು ಕುಗ್ಗಿ ಹೊರಗಿನ ನೀರನ್ನು ಸೀಲುಗಳ ಮೂಲಕ ಹೀರಿಕೊಳ್ಳುತ್ತದೆ. ನೀರು ಬೆರೆತ ಎಣ್ಣೆಯು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಕಂಡೊಡನೆ ಬದಲಾಯಿಸದಿದ್ದರೆ ಬೇರಿಂಗುಗಳು ತುಕ್ಕುಹಿಡಿಯುತ್ತವೆ. ಅಚ್ಚಿನ ಮೇಲಿನ ಗಾಳಿಯ ರಂಧ್ರಕ್ಕೆ ರಬ್ಬರಿನ ಕೊಳವೆಯೊಂದನ್ನು ಸೇರಿಸಿ, ನೀರು ಮುಟ್ಟದ ಎತ್ತರಕ್ಕೆ ಒಯ್ದು ಕಟ್ಟಿದರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುತ್ತದೆ. ಅತ್ಯಲ್ಪ ವೆಚ್ಚದ ಉತ್ತಮ ಸುಧಾರಣೆಯಿದು. ನೀರಿನಿಂದ ಮೇಲೆ ಬಂದಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ತುಸುದೂರ ಹೋಗಿ ಡ್ರಮ್ಮುಗಳನ್ನು ಒಣಗಿಸದೆ ಇಳಿಜಾರಿಗೆ ಇಳಿಯಬಾರದು.

ಆದರೆ ಸುಧಾರಣೆಯೆಲ್ಲವೂ ಸುಧಾರಣೆಯಲ್ಲ. ಇತ್ತೀಚೆಗೆ ತರುಣರು ಅಂದಕ್ಕಾಗಿ ದೊಡ್ಡ ಟೈರುಗಳನ್ನು ಹಾಕಿಸಿ, ಸ್ಪ್ರಿಂಗುಗಳನ್ನು ಎತ್ತರಿಸುವುದುಂಟು. ಟೈರು ದೊಡ್ಡದಾದಷ್ಟೂ ಎಂಜಿನು ಹೆಚ್ಚು ತಿಣುಕಬೇಕು, ಬ್ರೇಕಿನ ಮೇಲಿನ ಹೊರೆಯೂ ಹೆಚ್ಚುತ್ತದೆ, ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಗಾಡಿಯು ಎತ್ತರವಾದಷ್ಟೂ ಅದರ ಭಾರಕೇಂದ್ರವು ಮೇಲೇರಿ, ತಿರುವಿನಲ್ಲಿ ಮಗುಚುವ ಅಪಾಯವು ಅಧಿಕವಾಗುತ್ತದೆ. ಮೇಲಾಗಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಯುದ್ಧಾನಂತರದ ರೈತನು ಅಗತ್ಯಕ್ಕಾಗಿ ತಿದ್ದಿದನು. ಆಡಂಬರಕ್ಕಾಗಿ ತಿದ್ದುವುದು ಆ ಪರಂಪರೆಗೆ ಸೇರಿದುದಲ್ಲ.

ಈಗ ಆರಂಭದಲ್ಲಿ ಸೂಚಿಸಿದ ಭಾಷೆಯ ಪ್ರಶ್ನೆಗೆ ಬರೋಣ. ಅಚ್ಚು, ಗುಂಬ, ಕೀಲು, ಕಡೆಗೀಲು, ಪಟ್ಟಿ, ಕೀಲೆಣ್ಣೆ ಇವೆಲ್ಲ ಬಂಡಿಯ ಕಾಲದಿಂದ ನಮ್ಮ ಬಡಗಿ ಕಮ್ಮಾರರ ನಾಲಗೆಯಲ್ಲಿದ್ದ ಶಬ್ದಗಳು. ಗೇರು, ಕ್ಲಚ್ಚು, ಬೇರಿಂಗುಗಳು ಅವುಗಳ ಪಕ್ಕದಲ್ಲಿ ಬಂದು ಕುಳಿತವು. ಅದರಿಂದ ಕನ್ನಡಕ್ಕೆ ಹಾನಿಯಾಗಲಿಲ್ಲ. ಹಾನಿಯಾಗುವುದು ಶಬ್ದವು ಹೊರಗಿನಿಂದ ಬಂದಾಗ ಅಲ್ಲ, ತಿಳಿವಳಿಕೆಯು ಹೊರಗೇ ಉಳಿದಾಗ. ಕನ್ನಡ ಮಾಧ್ಯಮದಲ್ಲಿ ಕಲಿತ ಗಡಿನಾಡಿನ ಹುಡುಗನು ಗ್ಯಾರೇಜಿಗೆ ಕಾಲಿಟ್ಟಾಗ ಅವನಿಗೆ ಸಿಗುವ ಕೈಪಿಡಿಯು ಇಂಗ್ಲಿಷಿನದು. 'ಏಕೆ' ಎಂಬುದನ್ನು ಓದಿ ತಿಳಿಯಲಾರದೆ, 'ಹೇಗೆ' ಎಂಬುದನ್ನು ಮಾತ್ರ ನೋಡಿ ಕಲಿಯುತ್ತಾನೆ. ಹಾಗೆ ಕಲಿತವನು ಒಳ್ಳೆಯ ಕೆಲಸಗಾರನಾದಾನು. ಆದರೆ ವಾರ್ನನಂತೆ ಹೊಸದೊಂದನ್ನು ಕಲ್ಪಿಸುವ ಧೈರ್ಯವು ಅವನಿಗೆ ಎಲ್ಲಿಂದ ಬರಬೇಕು?

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಷ್ಟು ಹಿಂದೆಯೇ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ನೆರೆಯ ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಬರೆದರು. ಆ ದಾರಿಯಲ್ಲಿ ನಾವು ಇಡಬಹುದಾದ ಸಣ್ಣ ಹೆಜ್ಜೆಯೊಂದಿದೆ. ನಮ್ಮೂರುಗಳ ಹಿರಿಯ ಮೆಕ್ಯಾನಿಕರು ಬಾಯಲ್ಲಿ ಹೇಳುವುದನ್ನು ಮಕ್ಕಳಿಂದ ಬರೆಯಿಸಿ, ಚಿತ್ರಸಹಿತವಾದ ಕನ್ನಡ ಕೈಪಿಡಿಯೊಂದನ್ನು ಸಂಘವು ಪ್ರಕಟಿಸಲಿ. ಅದರಲ್ಲಿ ಅಲಂಕಾರವು ಬೇಡ, ನಗುವೊಂದಿಷ್ಟು ಇರಲಿ. ಆ ಹಿರಿಯರ ಅರಿವು ಅವರೊಂದಿಗೇ ಮುಗಿದುಹೋದರೆ ಮತ್ತೆ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ನುಡಿಯು ಸಭಾವೇದಿಕೆಯಲ್ಲಿ ಮಾತ್ರ ಉಳಿದರೆ ಸಾಲದು. ಎಣ್ಣೆ ಹತ್ತಿದ ಕೈಗಳ ನಡುವೆಯೂ ಅದು ಬಾಳಬೇಕು. ಕೆಸರಿನಲ್ಲಿ ಹೂತ ಗಾಡಿಯನ್ನು ಮೇಲೆತ್ತುವ ಬಲವು ನಾಲ್ಕು ಚಕ್ರಗಳೂ ಒಂದಾಗಿ ತಿರುಗುವುದರಿಂದ ಬರುತ್ತದೆ. ಮನೆ, ಶಾಲೆ, ಸಂಘ, ಕಾರ್ಖಾನೆ ಎಂಬ ನಾಲ್ಕು ಚಕ್ರಗಳನ್ನು ಹಾಗೆ ಒಂದುಗೂಡಿಸುವ ಕಾರ್ಯವು ಗಡಿನಾಡಿನ ಕನ್ನಡಿಗರಾದ ನಮ್ಮೆಲ್ಲರದು.