ದೊಡ್ಡವ್ವನ ಜಗುಲಿ

ಆರು ವರ್ಷದ ಹುಡುಗಿಯ ಸೊಂಟದ ಮೇಲೆ ಎಂಟು ತಿಂಗಳ ತಮ್ಮ ಕೂತನೆಂದರೆ ಅವಳ ಸ್ಲೇಟು ಮನೆಯಲ್ಲೇ ಉಳಿಯುತ್ತದೆ. 1976ರಲ್ಲಿ, ತಿ. ನರಸೀಪುರದ ಬಳಿಯ ನಮ್ಮೂರಿನಲ್ಲಿ ನನ್ನ ಪಾಡೂ ಅದೇ ಆಗುವುದರಲ್ಲಿತ್ತು. ಅವ್ವ ನಾಟಿಗೆ, ಕಳೆ ಕೀಳಲು ಗದ್ದೆಗೆ ಹೋಗಲೇಬೇಕು. ಕೂಸನ್ನು ನೋಡುವವರು ಯಾರು?

ಪಕ್ಕದ ಮನೆಯ ದೊಡ್ಡವ್ವ ನಮಗೆ ನೆಂಟಳಲ್ಲ. ಬೀದಿಯ ಮಕ್ಕಳಿಗೆಲ್ಲ ಅವಳು ದೊಡ್ಡವ್ವ. ಒಂದು ಬೆಳಿಗ್ಗೆ ಅವ್ವನಿಗೆ ಹೇಳಿದಳು: “ಈ ಹೆಣ್‌ಮಗೀನ ಇಸ್ಕೂಲ್‌ಗೆ ಕಳ್ಸವ್ವ. ಕೂಸ ನನ್ ಜಗುಲಿ ಮ್ಯಾಲೆ ಬುಡು.”

ಆ ಜಗುಲಿಯಲ್ಲಿ ಆಗಲೇ ನಾಲ್ಕೈದು ಕೂಸುಗಳಿದ್ದವು. ತೊಲೆಗೆ ಹಳೇ ಸೀರೆಯ ಜೋಲಿ. ಹಸಿದವರಿಗೆ ರಾಗಿ ಸರಿ. ಬೀದಿಯ ಕೊನೆಗೇ ನಾಲೆ ಹರಿಯುತ್ತಿದ್ದುದರಿಂದ ದೊಡ್ಡವ್ವ ಅಕ್ಕಿ ಆರಿಸುವಾಗಲೂ ನಾಲೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದಳು. ಸುಗ್ಗಿಯಲ್ಲಿ ಅವ್ವ ಸೇರು ಅಕ್ಕಿ ಕೊಟ್ಟರೆ, ಅದನ್ನೂ ಬೇಯಿಸಿ ನಮಗೇ ಬಡಿಸಿದಳು.

ಚರಿತ್ರೆಯ ಪುಸ್ತಕದಲ್ಲಿ ನಮ್ಮ ತಾಲ್ಲೂಕಿಗೆ ಬೇರೊಂದು ಕಾರಣಕ್ಕೆ ಜಾಗವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ, ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಹಾಗೆ ಬಂತು ಅಂಗನವಾಡಿ. ಆ ಹೆಸರಿನಲ್ಲೇ ಅಂಗಳವಿದೆ. ಅದಕ್ಕೂ ಮೊದಲೇ, 1945ರಲ್ಲಿ, ತಾರಾಬಾಯಿ ಮೋಡಕ್ ಬೋರ್ಡಿಯಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದು, ಅವರಿರುವ ಅಂಗಳಕ್ಕೇ ಪಾಠವನ್ನು ಒಯ್ದಿದ್ದರು.

ಆದರೆ ಅಂಗನವಾಡಿಯ ಆಟಪಾಠ ಮೂರು ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಆಹಾರ, ತೂಕ, ಚುಚ್ಚುಮದ್ದು ಉಂಟು. ಸಂಜೆಯವರೆಗೆ ಇಟ್ಟುಕೊಳ್ಳುವ ಏರ್ಪಾಡಿರಲಿಲ್ಲ. ಹಾಗಾಗಿ ನನ್ನ ತಮ್ಮ ಜಗುಲಿಯಲ್ಲೇ ಬೆಳೆದ. ಅಂಗನವಾಡಿ ಟೀಚರಿಗೆ ಸ್ವಲ್ಪವಾದರೂ ಗೌರವಧನವಿತ್ತು. ದೊಡ್ಡವ್ವನ ದುಡಿಮೆಯನ್ನು ದುಡಿಮೆಯೆಂದು ನಾವೂ ಕರೆಯಲಿಲ್ಲ, ‘ಒಳ್ಳೇತನ’ ಎಂದುಬಿಟ್ಟೆವು.

ಮುಂದೆ ನಾನೇ ಟೀಚರಾದೆ. ನಾಟಿಯ ದಿನಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಹಾಕುವಾಗಲೆಲ್ಲ, ಆ ಗುರುತಿನ ಹಿಂದೆ ಒಂದು ಕೂಸು ಅಳುತ್ತಿರುವುದು ನನಗೆ ಗೊತ್ತಾಗುತ್ತಿತ್ತು. 2023ರಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ನಮ್ಮ ರಾಜ್ಯದಲ್ಲಿ ‘ಕೂಸಿನ ಮನೆ’ ಯೋಜನೆ ಬಂತು. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೂ ಕೂಲಿಯಿದೆ ಎಂದು ಓದಿದಾಗ ಕಣ್ಣು ಮಂಜಾಯಿತು.

ದೊಡ್ಡವ್ವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಆದರೆ ನಮ್ಮೂರ ಶಾಲೆಯ ಹಳೆಯ ಹಾಜರಿ ಪುಸ್ತಕ ಎಲ್ಲಾದರೂ ಉಳಿದಿದ್ದರೆ, ಅದರಲ್ಲಿ ನನ್ನ ಹೆಸರಿನ ಮುಂದಿರುವ ಹಾಜರಿಯೆಲ್ಲ ಅವಳು ಕೊಡಿಸಿದ್ದೇ.