ಸೈನಿಕ ಚಾಕು, 1961ರ ಮಾದರಿ
ಸ್ವಿಟ್ಜರ್ಲೆಂಡಿನ ಸೇನೆ 1961ರಿಂದ 2008ರವರೆಗೆ ಸೈನಿಕರಿಗೆ ಕೊಡುತ್ತಿದ್ದ, ಈಗ ಸಂಗ್ರಾಹಕರು ಹುಡುಕುವ ಮಡಿಸುವ ಚಾಕು. ಉದ್ದ 93 ಮಿ.ಮೀ. ಉಬ್ಬುಗೀರಿನ ಅಲ್ಯೂಮಿನಿಯಂ ಹಿಡಿಯೊಳಗೆ ಅಲಗು, ದಬ್ಬಳ, ಡಬ್ಬಿ ಕೊರೆಯುವ ಕೊಕ್ಕೆ, ಬಾಟಲಿ ಮುಚ್ಚಳ ತೆಗೆಯುವ ಸ್ಕ್ರೂಡ್ರೈವರ್ ಅಡಗಿರುತ್ತವೆ. ಕತ್ತರಿಯಂಥ ಶೋಕಿಗೆ ಜಾಗವಿಲ್ಲ. ಇಬಾಖ್‌ನ ವಿಕ್ಟೋರಿನಾಕ್ಸ್, ಡೆಲೆಮೋನ್‌ನ ವೆಂಗರ್ ಎರಡೂ ಇದನ್ನು ತಯಾರಿಸಿದವು.

ಸಂಗ್ರಹದ ಸೊಗಸೆಲ್ಲ ಅಲಗಿನ ಬುಡದಲ್ಲಿದೆ. ಅಲ್ಲಿ ತಯಾರಕರ ಹೆಸರಿನೊಂದಿಗೆ ಇಸವಿಯ ಕೊನೆಯ ಎರಡು ಅಂಕಿ ಒತ್ತಿರುತ್ತವೆ: ‘75’ ಎಂದರೆ 1975. ವರ್ಷಕ್ಕೊಂದರಂತೆ, ಅದೂ ಎರಡೂ ತಯಾರಕರದನ್ನು, ಜೋಡಿಸುವುದು ಹಲವರ ಹಟ. ಮಸೆದು ಸವೆದ ಅಲಗಿಗಿಂತ ಬಳಸದೆ ಉಳಿದದ್ದಕ್ಕೆ ಬೆಲೆ ಹೆಚ್ಚು. ಅತಿಯಾಗಿ ಉಜ್ಜಿ ಹೊಳೆಯಿಸಿದರೆ ಗುರುತೇ ಅಳಿಯಬಹುದು. ನೋಟಕ್ಕೆ ಹತ್ತಿರದ ‘ಪಯೋನಿಯರ್’ ಮಾದರಿಗೆ ಕೀಲಿಬಳೆಯುಂಟು, ಸೈನಿಕ ಚಾಕುವಿಗಿಲ್ಲ.