ನಮ್ಮ ಹತ್ತಿ ಹೋದ ದಾರಿ



ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಸಂಘದ ಜಮಾ-ಖರ್ಚಿನ ತಖ್ತೆ ಇದ್ದೇ ಇರತದ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನು ಚಿತ್ರ ಬರೆದು ನೋಡೋಣ ಎಂಬುದು ನಮ್ಮ ಆಸೆ. ಒಂದು ದೊಡ್ಡ ಹಾಳೆಯ ಮೇಲೆ ಹೊಲ, ಜಿನ್ನು, ರಾಟಿ, ಮಗ್ಗ, ಬಣ್ಣ, ಹೊಲಿಗೆ, ಅಂಗಡಿ ಎಂದು ಒಂದೊಂದು ಸುತ್ತು ಹಾಕಬೇಕು. ಮಾಲು ಹೋಗುವ ದಾರಿಗೊಂದು ಗೆರೆ, ರೊಕ್ಕ ಬರುವ ದಾರಿಗೊಂದು ಗೆರೆ ಎಳೆಯಬೇಕು. ಮಾಲಿನ ಗೆರೆ ಊರು ದಾಟಿದಲ್ಲಿ ಮುಂದಿನ ಕೆಲಸದ ಕೂಲಿಯೂ ಊರು ದಾಟಿತೆಂದು ತಿಳಿಯಬೇಕು.

ಧಾರವಾಡ ಸೀಮೆಯ ಹಳೆಯ ನಕ್ಷೆಯನ್ನೇ ಮೊದಲು ನೋಡೋಣ. 19ನೇ ಶತಮಾನದಲ್ಲಿ ನಮ್ಮ ಎರಿ ಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದವರು ನಾವು, ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು ಮಾತ್ರ ‘ಕುಮಟಾ ಹತ್ತಿ’! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ಕಡಿಮೆಯಾದಾಗ ಇಲ್ಲಿಯ ಧಾರಣಿ ಏರಿತು; ಯುದ್ಧ ಮುಗಿದ ಮೇಲೆ ಇಳಿಯಿತು. ಧಾರಣಿ ನಮ್ಮ ಕೈಯೊಳಗೆ ಇರಲಿಲ್ಲ. ಇತ್ತ ಗಿರಣಿ ನೂಲು ಬಂದು ರಾಟಿಗಳು ಅಟ್ಟ ಸೇರಿದವು. ಹತ್ತಿಯಲ್ಲಿ ತೂಕಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು ಅರಳೆ, ಉಳಿದದ್ದು ಕಾಳು. ಜಿನ್ನು ದೂರವಾದರೆ ಕಾಳಿನ ಎಣ್ಣಿ, ದನದ ಹಿಂಡಿ ಎರಡೂ ದೂರ.

ಈ ನಕ್ಷೆಯ ಒಂದು ಗೆರೆಯನ್ನು ತಿರುಗಿಸಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಅವರು ಕಟ್ಟಿದ ಸಹಕಾರಿ ಪತ್ತಿನ ಸಂಘದಿಂದ ಸಾಲ-ಬಡ್ಡಿಯ ಗೆರೆ ಊರೊಳಗೇ ತಿರುಗತೊಡಗಿತು.

ಮಾಲಿನ ಗೆರೆಯನ್ನು ನಾಡೊಳಗೆ ಜೋಡಿಸಿದ್ದು ಖಾದಿ. 1957ರ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ಅದರ ರಾಷ್ಟ್ರಧ್ವಜದ ನಕ್ಷೆ ಬರೆದರೆ ಹಂಜಿ ತಯಾರಿಗೆ ಚಿತ್ರದುರ್ಗ, ನೂಲು-ನೇಯ್ಗೆಗೆ ಬಾಗಲಕೋಟೆ ಕಡೆಯ ತುಳಸಿಗೇರಿ, ಬಣ್ಣ-ಹೊಲಿಗೆಗೆ ಬೆಂಗೇರಿ. ಒಂದು ಬಾವುಟದ ಹಿಂದೆ ಮೂರು ಊರು, ಎಷ್ಟೋ ಹೆಣ್ಣುಮಕ್ಕಳ ದುಡಿಮೆ!

ಆದರೆ ಈ ನಕ್ಷೆಯ ಕೊನೆಯ ಸುತ್ತು ಕೊಳ್ಳುವವರದು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಿತು. 2022ರಲ್ಲಿ ಹುಬ್ಬಳ್ಳಿಯ ಖಾದಿ ಬಳಗ ಅದನ್ನು ವಿರೋಧಿಸಿತು. ಕಡೆಯ ಗೆರೆ ಸಣ್ಣದಾದರೆ ಹಿಂದಿನ ಸುತ್ತುಗಳೆಲ್ಲ ಸೊರಗತಾವ. ನೂಲುವವರು ಎಷ್ಟು ಚೆನ್ನಾಗಿ ನೂತರೂ ಕೊಳ್ಳುವವರಿಲ್ಲದಿದ್ದರೆ ರಾಟಿ ನಿಲ್ಲತದ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಬರುವ ವಾರ್ಷಿಕ ಸಭೆಯಲ್ಲಿ ಹಾಳೆ ಹಾಸಿ ನಮ್ಮೂರ ನಕ್ಷೆಯನ್ನೂ ಬರೆಯೋಣ. ಹತ್ತಿ ಬೆಳೆದವರು, ಹೊಲಿಗೆ ಬಲ್ಲ ತಾಯಂದಿರು, ಅಂಗಡಿಕಾರರು ಎಲ್ಲರೂ ತಮ್ಮ ತಮ್ಮ ಗೆರೆ ಎಳೆಯಲಿ. ಎಲ್ಲ ಗೆರೆಗಳನ್ನೂ ಊರೊಳಗೆ ತರಲಿಕ್ಕೆ ಆಗಲಿಕ್ಕಿಲ್ಲ. ಒಂದನ್ನಾದರೂ ತಿರುಗಿಸಿದರೆ ಇನ್ನಿಪ್ಪತ್ತೈದು ವರ್ಷದ ಲೆಕ್ಕ ಬೇರೆಯೇ ಇದ್ದೀತು.